ಗಾಣದಿಂದ ಗೋದಲಿಗೆ: ಹಿಂಡಿಯ ಒಂದು ಚರಿತ್ರೆ

ಕನ್ನಡದ 'ಹಿಂಡಿ'ಗೆ ಎರಡು ಬಾಳು. ಕಲಬುರಗಿ, ರಾಯಚೂರು, ಬೀದರಗಳಿಂದ ಬಂದು ಹೈದರಾಬಾದಿನಲ್ಲಿ ನೆಲೆನಿಂತ ನಮ್ಮವರ ಮನೆಗಳಲ್ಲಿ ಹಿಂಡಿಯೆಂದರೆ ರೊಟ್ಟಿಯ ಮಗ್ಗುಲಿಗೆ ಬೀಳುವ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ. ಅದೇ ಊರುಗಳ ಕೊಟ್ಟಿಗೆಯಲ್ಲಿ ಹಿಂಡಿಯೆಂದರೆ ಎಣ್ಣೆ ಇಳಿದ ಮೇಲೆ ಗಾಣದಲ್ಲಿ ಉಳಿದ ಗಟ್ಟಿ. ಹಳೆಯ ಮೈಸೂರಿನವರು ಮೊದಲನೆಯದನ್ನು ಚಟ್ನಿಪುಡಿ ಎಂದು ಕರೆದು ಈ ಗೊಂದಲದಿಂದ ಪಾರಾಗಿದ್ದಾರೆ. ನಮ್ಮ ತೆಲುಗು ನೆರೆಹೊರೆಯವರು ಪಾರಾಗುವ ಪ್ರಯತ್ನವನ್ನೇ ಮಾಡಿಲ್ಲ: ಎಳ್ಳೆಣ್ಣೆ ತೆಗೆದು ಉಳಿದ 'ತೆಲಗಪಿಂಡಿ'ಯನ್ನು ಅವರು ಪಲ್ಯ ಮಾಡಿ ಉಣ್ಣುತ್ತಾರೆ, ಬಾಣಂತಿಗೆ ಹಾಲು ಹೆಚ್ಚಲೆಂದು ವಿಶೇಷವಾಗಿ ಬಡಿಸುತ್ತಾರೆ. ಹಿಂಡುವುದು ಎಂಬ ಕ್ರಿಯೆ ಎಣ್ಣೆಗೂ ಸಲ್ಲುತ್ತದೆ, ಕೆಚ್ಚಲಿಗೂ ಸಲ್ಲುತ್ತದೆ. ಹಿಂಡಿದ ಮೇಲೆ ಉಳಿದುದನ್ನು ತಿನ್ನುವುದು ದನವೋ ಮನುಷ್ಯನೋ ಎಂಬ ಪ್ರಶ್ನೆ ನಮ್ಮ ಭಾಷೆಗಳಲ್ಲಿ ಮೊದಲಿನಿಂದಲೂ ತೀರ್ಮಾನವಾಗದೆ ಉಳಿದಿದೆ. ಕಳೆದ ನೂರೈವತ್ತು ವರ್ಷಗಳಲ್ಲಿ ಆ ಪ್ರಶ್ನೆಗೆ ಮೂರನೆಯ ಪಕ್ಷವೊಂದು ಸೇರಿತು, ಹಡಗು ಹತ್ತಿಸಿ ಪರದೇಶಕ್ಕೆ ಕಳುಹಿಸುವ ವ್ಯಾಪಾರಿ.

ಕಾಚಿಗೂಡದಲ್ಲಿ ಕುಳಿತು ದನದ ಮೇವಿನ ಚರಿತ್ರೆ ಬರೆಯುವುದು ವಿಚಿತ್ರವೆಂದು ತೋರಬಹುದು. ಹೊರನಾಡ ಕನ್ನಡಿಗರಿಗೆ ಕಾಚಿಗೂಡವೆಂದರೆ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ, ಬೆಂಗಳೂರಿಗೆ ಹೋಗುವ ರೈಲು. ಆದರೆ ಇಲ್ಲಿಂದ ಕೂಗಳತೆಯ ನಾರಾಯಣಗೂಡದಲ್ಲಿ ದೀಪಾವಳಿಯಾದ ಎರಡನೆಯ ದಿನ ಯಾದವರ ಸದರ್ ಉತ್ಸವ ನೆರೆಯುತ್ತದೆ. ಮೈಗೆ ಎಣ್ಣೆ ತೀಡಿಸಿಕೊಂಡು, ಕೊಂಬಿಗೆ ಹೂವು, ನವಿಲುಗರಿ ಸಿಂಗರಿಸಿಕೊಂಡ ಕೋಣಗಳು ತಮಟೆಯ ಸದ್ದಿಗೆ ನಡುರಾತ್ರಿ ಬೀದಿಗಿಳಿಯುತ್ತವೆ. ಈಚಿನ ವರ್ಷಗಳಲ್ಲಿ ಹರಿಯಾಣದಿಂದ ಮುರ್ರಾ ಕೋಣಗಳನ್ನು ತರಿಸುವುದು ವಾಡಿಕೆ. ಅವು ದಿನಕ್ಕೆ ಎಷ್ಟು ಬಾದಾಮಿ, ಎಷ್ಟು ಸೇಬು ತಿನ್ನುತ್ತವೆ ಎಂಬುದನ್ನು ಪತ್ರಿಕೆಗಳು ತಪ್ಪದೆ ವರದಿ ಮಾಡುತ್ತವೆ. ಹಾಲು ಕರೆಯುವ ಎಮ್ಮೆಗಳು ಏನು ತಿನ್ನುತ್ತವೆ ಎಂಬುದು ವರದಿಯಾಗುವುದಿಲ್ಲ. ನಮ್ಮ ಕುತೂಹಲ ಹುಟ್ಟುವುದು ಅಲ್ಲಿ.

ಕಾಚಿಗೂಡದ ನಿಲ್ದಾಣ ಕಟ್ಟಲ್ಪಟ್ಟದ್ದು 1916ರಲ್ಲಿ, ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ. ನಿಜಾಮರ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿತ್ತು. ಅದಕ್ಕೂ ಮೊದಲೇ, 1874ರಲ್ಲಿ, ಸಿಕಂದರಾಬಾದಿನಿಂದ ವಾಡಿಯವರೆಗೆ ಹಳಿ ಬಿದ್ದಿತ್ತು. ನಮ್ಮ ನೃಪತುಂಗನ ಮಳಖೇಡದ ಹೆಸರು ಹೊತ್ತ ಪುಟ್ಟ ನಿಲ್ದಾಣ ಇರುವುದು ಆ ದಾರಿಯಲ್ಲಿ. ಮೀಟರ್ ಗೇಜಿನ ಇನ್ನೊಂದು ದಾರಿ ನಾಂದೇಡ, ಪರಭಣಿಗಳ ಎರೆಭೂಮಿಯನ್ನು ಹಾದು ಮನಮಾಡಿಗೆ ಹೋಯಿತು. ಈ ಹಳಿಗಳು ಬರುವ ಮುನ್ನ ಹತ್ತಿ, ಕುಸುಬೆ, ಅಗಸೆ, ಔಡಲ, ಎಳ್ಳು ಊರಲ್ಲಿ ಬೆಳೆದು ಬಹುಮಟ್ಟಿಗೆ ಊರಲ್ಲಿಯೇ ತೀರುತ್ತಿದ್ದವು. ಹತ್ತಿಯನ್ನು ಮನೆಯಲ್ಲಿ ಬಿಡಿಸಿದರೆ ಕಾಳು ಮನೆಯಲ್ಲಿಯೇ ಉಳಿಯುತ್ತದೆ. ಅದನ್ನು ಸಂಜೆ ನೆನೆಹಾಕಿ, ರುಬ್ಬಿ, ಎತ್ತಿಗೆ ಮತ್ತು ಕರೆಯುವ ಆಕಳಿಗೆ ಇಡುತ್ತಿದ್ದರು. ಗಾಣಿಗ ಎಣ್ಣೆಯನ್ನು ಕೊಟ್ಟರೆ ಹಿಂಡಿಯನ್ನೂ ಕೊಡುತ್ತಿದ್ದ, ಇಲ್ಲವೆ ಅದನ್ನೇ ಕೂಲಿಯಾಗಿ ಇಟ್ಟುಕೊಳ್ಳುತ್ತಿದ್ದ. ಜಿನ್ನಿಂಗ್ ಕಾರ್ಖಾನೆ ಬಂದ ಮೇಲೆ ಹತ್ತಿಯೊಡನೆ ಕಾಳೂ ಊರು ಬಿಟ್ಟಿತು. ರೈತ ಅಂದಿನಿಂದ ಹತ್ತಿಯನ್ನು ಮಾರಿ ಹತ್ತಿಕಾಳಿನ ಹಿಂಡಿಯನ್ನು ಕೊಳ್ಳುವವನಾದ.

ಇದರಿಂದ ಆದ ನಷ್ಟವನ್ನು ಮೊದಲು ಲೆಕ್ಕವಿಟ್ಟು ಹೇಳಿದವರಲ್ಲಿ ಒಬ್ಬ ಇಂಗ್ಲಿಷಿನವನಿದ್ದ ಎಂಬುದು ಗಮನಾರ್ಹ. ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನ ತಜ್ಞ ಜಾನ್ ಆಗಸ್ಟಸ್ ವೊಯೆಲ್ಕರ್ 1889ರಲ್ಲಿ ಭಾರತಕ್ಕೆ ಬಂದು, ಸುತ್ತಾಡಿ, 1893ರಲ್ಲಿ ಇಲ್ಲಿನ ಕೃಷಿಯ ಸುಧಾರಣೆಯ ಬಗ್ಗೆ ದೊಡ್ಡ ವರದಿಯೊಂದನ್ನು ಪ್ರಕಟಿಸಿದ. ಭಾರತದ ರೈತ ದಡ್ಡನೆಂಬ ಮಾತನ್ನು ಆತ ಒಪ್ಪಲಿಲ್ಲ; ಆ ಕಾರಣಕ್ಕೆ ಆ ವರದಿಯನ್ನು ಇಂದಿಗೂ ಓದಬಹುದು. ಎಣ್ಣೆಬೀಜಗಳನ್ನು ಹಾಗೆಯೇ ಹಡಗಿಗೆ ತುಂಬುವುದೆಂದರೆ ನೆಲದ ಸತ್ವವನ್ನೇ ತುಂಬಿ ಕಳುಹಿಸಿದಂತೆ ಎಂಬುದು ಅವನ ವಾದದ ತಿರುಳು. ಎಣ್ಣೆಯಲ್ಲಿರುವುದು ಗಾಳಿ, ನೀರುಗಳಿಂದ ಕಟ್ಟಿದ ಪದಾರ್ಥ. ಅದು ಹೋದರೆ ಮಣ್ಣಿಗೆ ಹೆಚ್ಚಿನ ನಷ್ಟವಿಲ್ಲ. ಸಾರಜನಕವೂ ರಂಜಕವೂ ಇರುವುದು ಹಿಂಡಿಯಲ್ಲಿ. ಬೀಜವನ್ನು ಇಲ್ಲಿಯೇ ಅರೆದು, ಎಣ್ಣೆಯನ್ನು ಬೇಕಾದರೆ ಮಾರಿ, ಹಿಂಡಿಯನ್ನು ದನಕ್ಕೆ ಹಾಕಿದರೆ ಸಗಣಿಯ ಮೂಲಕ ಅದು ಹೊಲಕ್ಕೆ ಮರಳುತ್ತದೆ. 1928ರ ರಾಯಲ್ ಕಮಿಷನ್ನೂ ಇದೇ ವಿಷಯವನ್ನು ಚರ್ಚಿಸಿತು. ಹಡಗುಗಳು ನಿಲ್ಲಲಿಲ್ಲ. ಕೋರಮಂಡಲದ ಕಡಲೆಕಾಯಿ ಮಾರ್ಸೇಲ್ಸಿನ ಗಿರಣಿಗಳಲ್ಲಿ ಸಾಬೂನಿನ ಎಣ್ಣೆಯಾಯಿತು. ಬೆಣ್ಣೆಗೆ ಹೆಸರಾದ ಡೆನ್ಮಾರ್ಕಿನ ಹಸುಗಳು ಪರದೇಶದಿಂದ ಬಂದ ಹಿಂಡಿಯನ್ನು ನೆಚ್ಚಿ ಹಾಲು ಕೊಟ್ಟವು.

ವೊಯೆಲ್ಕರನ ವರದಿಗೆ ಎರಡು ವರ್ಷ ಮುಂಚೆ ಹೊರಬಂದ ಥಾಮಸ್ ಹಾರ್ಡಿಯ 'ಟೆಸ್' ಕಾದಂಬರಿಯಲ್ಲಿ ಒಂದು ಪ್ರಸಂಗವಿದೆ. ಡೇರಿಯ ಬೆಣ್ಣೆಗೆ ಏನೋ ಕೆಟ್ಟ ರುಚಿ ಬಂದಿದೆಯೆಂದು ಗಿರಾಕಿ ದೂರುತ್ತಾನೆ. ಯಜಮಾನನಿಂದ ಹಿಡಿದು ಆಳುಗಳವರೆಗೆ ಎಲ್ಲರೂ ಸಾಲಾಗಿ ನಿಂತು, ತಲೆ ತಗ್ಗಿಸಿ, ಹುಲ್ಲುಗಾವಲನ್ನು ಅಂಗುಲ ಅಂಗುಲವಾಗಿ ಶೋಧಿಸಿ ಕಾಡುಬೆಳ್ಳುಳ್ಳಿಯ ಕೆಲವು ಮೊಳಕೆಗಳನ್ನು ಪತ್ತೆ ಮಾಡುತ್ತಾರೆ. ವಿದ್ಯಾರ್ಥಿಗಳಿಗೆ ಅದು ಪ್ರಣಯದ ಅಧ್ಯಾಯವಾಗಿ ನೆನಪಿರುತ್ತದೆ. ಹಸು ತಿಂದದ್ದು ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಸಾಹಿತ್ಯದಲ್ಲಿ ಅಷ್ಟು ನಿಖರವಾದ ಸಾಕ್ಷ್ಯ ಬೇರೆಲ್ಲೂ ನಮಗೆ ಸಿಕ್ಕಿಲ್ಲ. ಅಲ್ಲಿ ದೋಷಕ್ಕೆ ರುಚಿಯಿತ್ತು. ಆದುದರಿಂದ ಅದು ಸಿಕ್ಕಿತು.

ಗಾಣದ ಹಿಂಡಿಗೂ ಇಂದಿನ ಹಿಂಡಿಗೂ ಅಂತರವಿದೆ. ಎತ್ತಿನ ಗಾಣದ ಹಿಂಡಿಯಲ್ಲಿ ನೂರಕ್ಕೆ ಹತ್ತು ಹನ್ನೆರಡು ಭಾಗ ಎಣ್ಣೆ ಉಳಿದಿರುತ್ತಿತ್ತು. ಎಕ್ಸ್‌ಪೆಲ್ಲರ್ ಯಂತ್ರ ಅದನ್ನು ಆರೆಂಟಕ್ಕೆ ಇಳಿಸಿತು. ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆದು ಎಣ್ಣೆ ತೆಗೆಯುವ ವಿಧಾನ ಬಂದ ಮೇಲೆ ಅದು ಒಂದರ ಆಸುಪಾಸಿಗೆ ಬಂತು. 1934ರಲ್ಲಿ ಗಾಂಧೀಜಿ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದಾಗ ವರ್ಧಾದಲ್ಲಿ ಗಾಣವನ್ನು ಸುಧಾರಿಸುವ ಶ್ರಮ ನಡೆಯಿತು. ಅದರ ಹಿಂದೆ ಎಣ್ಣೆಯಷ್ಟೇ ಹಿಂಡಿಯ ಚಿಂತೆಯೂ ಇದ್ದಿತು, ಏಕೆಂದರೆ ಗಾಣ ಊರಿನಲ್ಲಿದ್ದರೆ ಹಿಂಡಿಯೂ ಊರಿನಲ್ಲಿರುತ್ತದೆ. (ಗಾಂಧೀಜಿ 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗೆಂದು ತಂಗಿದ್ದಾಗ ಅಲ್ಲಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ಗೋಪಾಲನೆಯನ್ನು ವಿದ್ಯಾರ್ಥಿಯಂತೆ ಕಲಿತದ್ದು ಬೆಂಗಳೂರಿಗರೇ ಮರೆತಿರುವ ಸಂಗತಿ.) ಎಣ್ಣೆ ಕಡಿಮೆಯಾದಷ್ಟೂ ಹಿಂಡಿಯಲ್ಲಿ ಪ್ರೋಟೀನಿನ ಪಾಲು ಹೆಚ್ಚುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಅದು ನೂರಕ್ಕೆ ನಲವತ್ತರ ಮೇಲಿರುತ್ತದೆ. ಸಿಪ್ಪೆಸಹಿತ ಅರೆದ ಹತ್ತಿಕಾಳಿನ ಹಿಂಡಿಯಲ್ಲಿ ಇಪ್ಪತ್ತೆರಡರ ಸುತ್ತ. ಹೀಗೆ ದ್ರಾವಕದಲ್ಲಿ ತೊಳೆದ ಹಿಂಡಿ ದನಕ್ಕೆ ಒಳ್ಳೆಯದೇ ಆಗಬೇಕಿತ್ತು. ಆದರೆ ಅದು ಒಣಪುಡಿಯಾಗಿ, ಚೀಲಕ್ಕೆ ತುಂಬಲು ಹಗುರವಾಗಿ, ಬೇಗ ಕಮಟುವ ಭಯವಿಲ್ಲದೆ ಸಾಗರ ದಾಟಲು ಇನ್ನಷ್ಟು ಯೋಗ್ಯವಾಯಿತು. ಬೀಜ ಹೋಗುವುದು ನಿಂತು ಹಿಂಡಿಯೇ ಹೋಗತೊಡಗಿತು. ವೊಯೆಲ್ಕರನ ಸಲಹೆ ಅರ್ಧ ಈಡೇರಿತು, ತಲೆಕೆಳಗಾಗಿ.

ಇಲ್ಲಿ ಬೂಸಾದ ಮಾತನ್ನು ಆಡದೆ ಮುಂದೆ ಹೋಗುವುದು ಕನ್ನಡಿಗರಿಗೆ ಸಾಧ್ಯವಿಲ್ಲ. ಹಿಂದಿಯಲ್ಲಿ ಭೂಸಾ ಎಂದರೆ ಕತ್ತರಿಸಿದ ಒಣಹುಲ್ಲು. ಕನ್ನಡಕ್ಕೆ ಬಂದು ಅದು ಗೋಧಿಯ ತೌಡಾಯಿತು. 1973ರಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತನಾಡುತ್ತ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದರು. ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ರಾಜೀನಾಮೆ ಕೊಡಬೇಕಾಯಿತು. ಅದರ ಬೆನ್ನಿಗೆ ಬಂದ ದಲಿತ, ಬಂಡಾಯ ಚಳವಳಿಗಳ ಕಥೆ ಎಲ್ಲರಿಗೂ ಗೊತ್ತು. ನಮಗೆ ಬೇಕಾದ ಸಣ್ಣ ಸಂಗತಿ ಬೇರೆ. ಬೂಸಾ ಎಂದರೆ ಸತ್ವಹೀನ ಎಂಬ ಊಹೆಯಲ್ಲಿ ಟೀಕಿಸಿದವರಿಗೂ ಕೆರಳಿದವರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಗೋಧಿಯ ಬೂಸಾದಲ್ಲಿ ನೂರಕ್ಕೆ ಹದಿನೈದರ ಆಸುಪಾಸು ಪ್ರೋಟೀನಿದೆ; ನಾವು ಉಣ್ಣುವ ಮೈದಾದಲ್ಲಿ ಅದಕ್ಕಿಂತ ಕಡಿಮೆ. ಗಿರಣಿಯವನು ಬಿಳುಪನ್ನು ನಮಗೆ ಕೊಟ್ಟು ಸತ್ವದ ಪಾಲನ್ನು ದನಕ್ಕೆ ಕೊಡುತ್ತಾನೆ. ಉಪಮೆಯನ್ನು ಆರಿಸುವ ಮುನ್ನ ಕೊಟ್ಟಿಗೆಗೆ ಹೋಗಿ ಬರಬೇಕೆಂಬುದು ಎರಡೂ ಪಕ್ಷಗಳಿಗೆ ಹೇಳಬಹುದಾಗಿದ್ದ ಮಾತು. ಆ ವರ್ಷ ಅದನ್ನು ಕೇಳುವವರು ಯಾರೂ ಇರಲಿಲ್ಲ.

ಹಿಂಡಿಯನ್ನು ದನದ ಬಾಯಿಂದ ಬಿಡಿಸಿ ಮನುಷ್ಯನಿಗೆ ಉಣಿಸುವ ಅತ್ಯಂತ ಗಂಭೀರವಾದ ಪ್ರಯತ್ನ ನಡೆದದ್ದು ನಮ್ಮ ಮೈಸೂರಿನಲ್ಲಿಯೇ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ವಿ. ಸುಬ್ರಹ್ಮಣ್ಯನ್ ಅವರ ನಿರ್ದೇಶನದಲ್ಲಿ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಹುರಿಗಡಲೆ ಹಿಟ್ಟು ಕಾಲು ಪಾಲು ಬೆರೆಸಿ 'ಬಹೂಪಯೋಗಿ ಆಹಾರ'ವನ್ನು ತಯಾರಿಸಿತು. ಮುಂದೆ ಕಡಲೆಕಾಯಿಯ ಪ್ರೋಟೀನನ್ನು ಎಮ್ಮೆಯ ಹಾಲಿಗೆ ಬೆರೆಸಿ, ಹಾಲಿನ ಪ್ರಮಾಣವನ್ನು ಹಿಗ್ಗಿಸುವ 'ಮಿಲ್ಟೋನ್' ಎಂಬ ಪಾನೀಯವನ್ನೂ ಮಾಡಿತು. ತರ್ಕ ಸರಳವಾದದ್ದು. ಹಿಂಡಿಯ ಪ್ರೋಟೀನನ್ನು ಎಮ್ಮೆಗೆ ತಿನ್ನಿಸಿದರೆ ಅದರಲ್ಲಿ ಸ್ವಲ್ಪ ಭಾಗ ಮಾತ್ರ ಹಾಲಾಗಿ ಬರುತ್ತದೆ. ಎಮ್ಮೆಯನ್ನು ಬದಿಗಿರಿಸಿ ನೇರವಾಗಿ ಮಕ್ಕಳಿಗೆ ಕೊಟ್ಟರೆ ಪೂರ್ತಿ ಸಿಗುತ್ತದೆ. ಬಡ ದೇಶದ ವಿಜ್ಞಾನಿಗಳು ಹಾಗೆ ಯೋಚಿಸಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಆ ದಶಕದ ಅತ್ಯಂತ ಮಾನವೀಯ ವಿಜ್ಞಾನ ಅದೇ.

ಅಷ್ಟರಲ್ಲಿ 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಕಾರಣ ತಿಳಿಯದೆ ಅದಕ್ಕೆ 'ಟರ್ಕಿ ಎಕ್ಸ್ ರೋಗ' ಎಂದು ಹೆಸರಿಟ್ಟರು. ಸತ್ತವೆಲ್ಲ ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯನ್ನು ತಿಂದಿದ್ದವು. ಹಿಂಡಿಯಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಉತ್ಪಾದಿಸುವ ವಿಷಕ್ಕೆ ಅದರ ಹೆಸರಿನಿಂದಲೇ ಅಫ್ಲಾಟಾಕ್ಸಿನ್ ಎಂಬ ಹೆಸರಾಯಿತು. ಅದು ಯಕೃತ್ತಿಗೆ ಮಾರಕ, ಕ್ಯಾನ್ಸರಿಗೂ ಕಾರಣ. ಕೂನೂರಿನಿಂದ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿದ್ದ ಪೌಷ್ಟಿಕತೆಯ ಪ್ರಯೋಗಾಲಯ, ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ, ಕಾಚಿಗೂಡದಿಂದ ಹೆಚ್ಚು ದೂರವಿಲ್ಲದ ತಾರ್ನಾಕಾದಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರ ನೇತೃತ್ವದಲ್ಲಿ ಕೋತಿಗಳ ಮೇಲೆ ಈ ವಿಷದ ಪರಿಣಾಮವನ್ನು ಪರೀಕ್ಷಿಸಿತು. ಕಡಲೆಕಾಯಿ ಹಿಟ್ಟನ್ನು ಮಕ್ಕಳ ಆಹಾರವನ್ನಾಗಿ ಮಾಡುವ ಮೈಸೂರಿನ ಉತ್ಸಾಹದ ಮೇಲೆ ಇದರ ನೆರಳು ಬಿತ್ತು. ನಗರದ ಅಂಚಿನ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಕಡಲೆಕಾಯಿಯ ಈ ಬೂಷ್ಟನ್ನು ಎದುರಿಸುವ ತಳಿಗಳಿಗಾಗಿ ದಶಕಗಳಿಂದ ಶ್ರಮಿಸುತ್ತಿದೆ. ಹಿಂಡಿಯ ವಿಷಚರಿತ್ರೆಯ ಎರಡು ಮುಖ್ಯ ಪೀಠಗಳು ಹೀಗೆ ನಮ್ಮ ನಗರದಲ್ಲಿಯೇ ಇವೆ.

ಹಾಲಿನ ಮಟ್ಟಿಗೆ ವಿಷಯ ಹೀಗಿದೆ. ಹಸುವೋ ಎಮ್ಮೆಯೋ ತಿಂದ ಅಫ್ಲಾಟಾಕ್ಸಿನ್ ಬಿ1ರಲ್ಲಿ ನೂರರಲ್ಲಿ ಒಂದರಿಂದ ಆರು ಭಾಗದಷ್ಟು, ಎಂ1 ಎಂಬ ರೂಪ ತಾಳಿ, ಒಂದು ದಿನದೊಳಗೆ ಹಾಲಿಗೆ ಇಳಿಯುತ್ತದೆ. ಕೆಟ್ಟ ಹಿಂಡಿಯನ್ನು ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಕಾಯಿಸುವುದರಿಂದ ಅದು ಹೋಗುವುದಿಲ್ಲ. ಯುರೋಪ್ ಒಂದು ಕಿಲೋ ಹಾಲಿಗೆ 0.05 ಮೈಕ್ರೋಗ್ರಾಂ ಎಂಬ ಮಿತಿ ಹಾಕಿತು. ಭಾರತದ ಮಿತಿ ಅದರ ಹತ್ತು ಪಟ್ಟು, 0.5. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಸಂಗ್ರಹಿಸಿ ಪರೀಕ್ಷಿಸಿದ 6,432 ಮಾದರಿಗಳಲ್ಲಿ 368, ಎಂದರೆ ನೂರಕ್ಕೆ 5.7ರಷ್ಟು, ಈ ದೊಡ್ಡ ಮಿತಿಯನ್ನೂ ಮೀರಿದ್ದವು. ಜನ ಭಯಪಡುವ ಕಲಬೆರಕೆ ಅದೇ ಸಮೀಕ್ಷೆಯಲ್ಲಿ ಸಿಕ್ಕಿದ್ದು ಕೇವಲ 12 ಮಾದರಿಗಳಲ್ಲಿ. ಹಾಲಿಗೆ ನೀರು ಬೆರೆಸುವವನನ್ನು ಬೈಯುವುದರಲ್ಲಿ ನಾವು ಖರ್ಚು ಮಾಡುವ ಸಿಟ್ಟಿನ ಒಂದಂಶವನ್ನಾದರೂ ಹಿಂಡಿಯ ಗೋದಾಮಿಗೆ ಮೀಸಲಿಡಬಹುದು.

ಸ್ವಾತಂತ್ರ್ಯಾನಂತರ ಕ್ಷೀರಕ್ರಾಂತಿಯಾಯಿತು, 1970ರಲ್ಲಿ ಆರಂಭವಾದ ಅದರ ಅಲೆ ಎಪ್ಪತ್ತರ ನಡುವಿನಲ್ಲಿ ಕರ್ನಾಟಕಕ್ಕೂ ಬಂತು. ಮಿಶ್ರತಳಿಯ ಹಸು ಬಂದ ಮೇಲೆ ಬರೀ ಕಣಕಿ, ಹುಲ್ಲುಗಳಿಂದ ಕೊಡ ತುಂಬುವುದಿಲ್ಲ. ರಾಜಾನುಕುಂಟೆ, ಗುಬ್ಬಿ, ಧಾರವಾಡ, ಹಾಸನಗಳಲ್ಲಿ ನಂದಿನಿ ಪಶು ಆಹಾರದ ಕಾರ್ಖಾನೆಗಳಾದವು. ಒಳ್ಳೆಯ ಹಿಂಡಿಗಾಗಿ ಪೈಪೋಟಿ ಹೆಚ್ಚಿತು. ಬೀದರ ಜಿಲ್ಲೆಯಲ್ಲಿ ಬೆಳೆಯುವ ಸೋಯಾದ ಹಿಂಡಿಯನ್ನು ಕೋಳಿಸಾಕಣೆಯವರು ಹೆಚ್ಚು ಬೆಲೆ ಕೊಟ್ಟು ಒಯ್ಯುತ್ತಾರೆ. ಕೋಳಿಗೆ ಅಂಥ ಪ್ರೋಟೀನೇ ಬೇಕು. ಹಸುವಿನ ಭಾಗ್ಯವೆಂದರೆ ಅದರ ಜಠರದ ಮೊದಲ ಕೋಣೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಅವು ಕೀಳು ಪ್ರೋಟೀನನ್ನು, ಕಡೆಗೆ ಯೂರಿಯಾವನ್ನೂ, ತಮ್ಮ ಮೈಯಾಗಿ ಮಾರ್ಪಡಿಸಿಕೊಳ್ಳುತ್ತವೆ. ಹಸು ಆಮೇಲೆ ಅವನ್ನೇ ಜೀರ್ಣಿಸಿಕೊಳ್ಳುತ್ತದೆ. ಈ ಗುಣವೇ ಅದರ ದೌರ್ಭಾಗ್ಯವೂ ಹೌದು: ಯಾರಿಗೂ ಬೇಡವಾದದ್ದನ್ನು ಅದಕ್ಕೆ ಕೊಡಬಹುದು ಎಂದಾಯಿತು.

ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಕೃಷಿಯ ಉಪೋತ್ಪನ್ನಗಳಿಂದ ಅಗ್ಗದ ಪಶು ಆಹಾರ ಮಾಡುವ ಅಖಿಲ ಭಾರತ ಯೋಜನೆಯೊಂದನ್ನು ಹಲವು ವರ್ಷ ನಡೆಸಿತು. ಮಾವಿನ ಗೊರಟೆಯ ತಿರುಳು, ಹುಣಸೆಬೀಜ, ಬೇವಿನ ಹಿಂಡಿ, ಹೊಂಗೆಯ ಹಿಂಡಿ, ರಬ್ಬರ್ ಬೀಜದ ಹಿಂಡಿ, ಜಾಲಿಯ ಕಾಯಿ, ಸಾಲ ಬೀಜ. ನಮ್ಮ ಹಳ್ಳಿಗರು ಕಸವೆಂದು ಬಗೆದಿದ್ದ ವಸ್ತುಗಳೆಲ್ಲ ಪ್ರಯೋಗಾಲಯದ ತಕ್ಕಡಿ ಏರಿದವು. ಬೇವು ಕಹಿ, ಹೊಂಗೆಯೂ ಕಹಿ, ಸಾಲದಲ್ಲಿ ಒಗರು. ಔಡಲದ ಹಿಂಡಿಯಲ್ಲಂತೂ ರಿಸಿನ್ ಎಂಬ ಘೋರ ವಿಷ. ಹಿಂದಿನ ಹೈದರಾಬಾದ್ ಸಂಸ್ಥಾನ ಔಡಲ ಬೆಳೆಯುವುದರಲ್ಲಿ ಹೆಸರಾಗಿತ್ತು, ಆದರೆ ಅದರ ಹಿಂಡಿ ಗೋದಲಿಗೆ ಬರದೆ ಗೊಬ್ಬರವಾಗಿಯೇ ಉಳಿಯಿತು. ತೊಳೆದರೆ, ಬೇಯಿಸಿದರೆ, ಕ್ಷಾರದಲ್ಲಿ ನೆನೆಸಿದರೆ ದೋಷ ಎಷ್ಟು ಕಳೆಯುತ್ತದೆ ಎಂಬುದರ ಮೇಲೆ ಪ್ರಬಂಧಗಳು ಬಂದವು. ಅವುಗಳಲ್ಲಿ ಕೊಟ್ಟಿಗೆಯನ್ನು ತಲುಪಿದವು ಕೆಲವೇ. ತೊಳೆಯುವ ನೀರು, ಉರುವಲು, ಕೂಲಿ ಸೇರಿದರೆ ಅಗ್ಗದ ಹಿಂಡಿ ಅಗ್ಗವಾಗಿ ಉಳಿಯುವುದಿಲ್ಲ ಎಂಬ ಲೆಕ್ಕ ರೈತನಿಗೆ ಪ್ರಬಂಧಕ್ಕಿಂತ ಮೊದಲೇ ಹೊಳೆದಿತ್ತು.

ಪ್ರಯೋಗಾಲಯದ ಅಪ್ಪಣೆಗೆ ಕಾಯದೆ ಬಳಕೆಗೆ ಬಂದ ಉಪೋತ್ಪನ್ನಗಳ ಮಾತು ಬೇರೆ. ಕಲಬುರಗಿಯ ಬೇಳೆ ಗಿರಣಿಗಳಲ್ಲಿ ತೊಗರಿ ಒಡೆದಾಗ ಕಾಲು ಭಾಗಕ್ಕೂ ಹೆಚ್ಚು ಹೊಟ್ಟು, ನುಚ್ಚು, ಪುಡಿಯಾಗಿ ಉದುರುತ್ತದೆ. ಅದೇ ಚುನ್ನಿ. ಕಲಬುರಗಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಚುನ್ನಿಗೆ ಅಂಥ ಗೌರವವಿಲ್ಲ, ಆದರೂ ಅದು ಗಡಿ ದಾಟಿ ಎಲ್ಲ ಕಡೆ ಹೋಗುತ್ತದೆ. ಬೀರ್ ಕಾರ್ಖಾನೆಯಲ್ಲಿ ಬಾರ್ಲಿಯ ರಸ ತೆಗೆದ ಮೇಲೆ ಉಳಿಯುವ ಹಸಿ ಹೊಟ್ಟಿನ ಗತಿ ಇದಕ್ಕೆ ವಿರುದ್ಧ. ಅದರ ಮುಕ್ಕಾಲು ಭಾಗ ನೀರು. ಬೇಸಿಗೆಯಲ್ಲಿ ಎರಡೇ ದಿನಕ್ಕೆ ಹುಳಿಯುತ್ತದೆ. ದೂರ ಸಾಗಿಸಿದರೆ ಬಾಡಿಗೆ ಗಿಟ್ಟುವುದಿಲ್ಲ. ಆದುದರಿಂದ ಅದು ಕಾರ್ಖಾನೆಗೆ ಹತ್ತಿರದ ನಗರದ ತಬೇಲಾಗಳ ಪಾಲು. ಹುಲ್ಲುಗಾವಲಿಲ್ಲದ ನಗರದೊಳಗೆ ಎಮ್ಮೆ ಸಾಕುವುದು ಹೇಗೆ ಗಿಟ್ಟುತ್ತದೆ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ: ನಗರ ಬಿಸಾಡುವುದನ್ನು ಮೊದಲು ಮುಟ್ಟುವವನು ನಗರದಲ್ಲಿರುವವನೇ.

ಇದಕ್ಕೊಂದು ಕರಾಳ ಪೂರ್ವಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿನಲ್ಲಿ ಸಾರಾಯಿ ಭಟ್ಟಿಗಳ ಮಗ್ಗುಲಿಗೇ ಹಸುಗಳನ್ನು ಸಾಲಾಗಿ ಕಟ್ಟಿ, ಭಟ್ಟಿಯಿಂದ ಹೊರಬಿದ್ದ ಬಿಸಿ ಗಂಜಿಯನ್ನೇ ತಿನ್ನಿಸುತ್ತಿದ್ದರು. ಬಾಲ ಉದುರಿ, ಮೈತುಂಬ ಹುಣ್ಣಾದ ಆ ಹಸುಗಳ ನೀಲಿಬಣ್ಣದ ತೆಳು ಹಾಲಿಗೆ ಸುಣ್ಣದ ಪುಡಿ ಬೆರೆಸಿ ಮಾರುತ್ತಿದ್ದರು. 1858ರಲ್ಲಿ ಫ್ರ್ಯಾಂಕ್ ಲೆಸ್ಲಿಯ ಸಚಿತ್ರ ಪತ್ರಿಕೆ ಅದನ್ನು ಚಿತ್ರಸಹಿತ ಬಯಲಿಗೆಳೆಯಿತು; ನಗರದ ಸಾವಿರಾರು ಶಿಶುಗಳ ಸಾವಿಗೆ ಆ ಹಾಲೇ ಕಾರಣವೆಂಬ ಆರೋಪ ಎದ್ದಿತು. ಭಟ್ಟಿಯ ಶೇಷ ಸ್ವತಃ ವಿಷವಲ್ಲ. ಅದನ್ನೇ ಏಕಾಹಾರವಾಗಿಸಿ, ಕೊಳಕಿನಲ್ಲಿ ಕಟ್ಟಿಹಾಕಿದ್ದು ಹಸುಗಳನ್ನು ಕೊಂದಿತು.

ಭಟ್ಟಿಯ ಶೇಷ ಈಗ ಭಾರತದಲ್ಲಿ ಬೇರೆ ವೇಷದಲ್ಲಿ ಬಂದಿದೆ. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಅದಕ್ಕಾಗಿ ಅಕ್ಕಿ, ಮೆಕ್ಕೆಜೋಳಗಳನ್ನು ಹುದುಗಿಸುವ ಡಿಸ್ಟಿಲರಿಗಳು ಎದ್ದವು. ಪಿಷ್ಟವೆಲ್ಲ ಮದ್ಯಸಾರವಾದ ಮೇಲೆ ಉಳಿದುದನ್ನು ಒಣಗಿಸಿದರೆ ಬರುವುದೇ ಡಿಡಿಜಿಎಸ್ ಎಂಬ ಚತುರಕ್ಷರಿ. ಮೆಕ್ಕೆಜೋಳದ್ದಾದರೆ ಅದರಲ್ಲಿ ಪ್ರೋಟೀನ್ ನೂರಕ್ಕೆ ಮೂವತ್ತರ ಹತ್ತಿರ, ಅಕ್ಕಿಯದಾದರೆ ನಲವತ್ತರ ಮೇಲೆ. ಬೆಲೆಯಲ್ಲಿ ಸೋಯಾ ಹಿಂಡಿಗಿಂತ ಅಗ್ಗ. ಅದು ಮಾರುಕಟ್ಟೆಗೆ ನುಗ್ಗಿದಾಗ ಸೋಯಾ ಹಿಂಡಿಯ ಬೆಲೆ ಕುಸಿಯಿತು; ಸೋಯಾ ಬೆಳೆದವರು ನೊಂದರು, ಹಾಲಿನವರು ನಿಟ್ಟುಸಿರಿಟ್ಟರು. ಹತ್ತಿಕಾಳಿನ ಹಿಂಡಿ, ಕಡಲೆಕಾಯಿ ಹಿಂಡಿಗಳ ಬೆಲೆ ಏರುತ್ತಲೇ ಹೋದ ಕಾಲದಲ್ಲಿ ನಾಲ್ಕೈದು ಎಮ್ಮೆ ಕಟ್ಟಿಕೊಂಡವನಿಗೆ ಇದು ಸಣ್ಣ ನೆರವಲ್ಲ. ಅದನ್ನು ಹಳಿಯುವುದು ಕೊಟ್ಟಿಗೆಯ ಖರ್ಚು ತಿಳಿಯದವರ ಮಾತಾದೀತು.

ಆದರೆ ಗಣಿತವೊಂದಿದೆ. ಮೂರು ಕಿಲೋ ಧಾನ್ಯ ಹುದುಗಿ ಆರಿದರೆ ಉಳಿಯುವುದು ಸುಮಾರು ಒಂದು ಕಿಲೋ. ಪ್ರೋಟೀನ್ ಮೂರು ಪಟ್ಟು ಸಾಂದ್ರವಾಗುವುದು ಅದರಿಂದಲೇ. ಧಾನ್ಯದಲ್ಲಿ ಅಫ್ಲಾಟಾಕ್ಸಿನ್ ಇದ್ದರೆ ಅದೂ ಹಾಗೆಯೇ ಮೂರು ಪಟ್ಟಾಗುತ್ತದೆ. ಹುದುಗು ಅದನ್ನು ಕೊಲ್ಲುವುದಿಲ್ಲ, ಭಟ್ಟಿಯ ಶಾಖವೂ ಕೊಲ್ಲುವುದಿಲ್ಲ. ಎಥೆನಾಲಿಗೆ ಹೋಗುವ ಧಾನ್ಯದಲ್ಲಿ ಮನುಷ್ಯರು ಉಣ್ಣಲು ಯೋಗ್ಯವಲ್ಲದ, ಕೆಟ್ಟ ಧಾನ್ಯವೂ ಸೇರಿರುತ್ತದೆ. ದೊಡ್ಡ ಡೇರಿಗಳೂ ಪಶು ಆಹಾರದ ಕಾರ್ಖಾನೆಗಳೂ ಲಾರಿ ಒಳಬರುವ ಮುನ್ನ ಮಾದರಿ ತೆಗೆದು ಪರೀಕ್ಷಿಸಬಲ್ಲವು. ಪಶು ಆಹಾರಕ್ಕೆ ಐಎಸ್ 2052 ಎಂಬ ಮಾನಕವೂ ಇದೆ. ಬಿಡಿಯಾಗಿ ಚೀಲ ಕೊಳ್ಳುವವನಿಗೆ ಈ ಯಾವುದೂ ಇಲ್ಲ. ಅವನು ಹಿಂಡಿಯ ತುಂಡನ್ನು ಮುರಿದು ಮೂಸುತ್ತಾನೆ, ಅಂಗೈಯಲ್ಲಿ ಉಜ್ಜಿ ಪಸೆ ನೋಡುತ್ತಾನೆ, ಕಮಟು ಬಂದಿದ್ದರೆ ಅಂಗಡಿಯವನೊಡನೆ ಜಗಳವಾಡಿ ಹಿಂದಿರುಗಿಸುತ್ತಾನೆ. ತಲೆಮಾರುಗಳಿಂದ ಬಂದ ಆ ಪರೀಕ್ಷೆ ಕಮಟನ್ನೂ ಮರಳನ್ನೂ ಹಿಡಿಯುತ್ತದೆ. ಅಫ್ಲಾಟಾಕ್ಸಿನ್ನಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಹಾರ್ಡಿಯ ಬೆಳ್ಳುಳ್ಳಿಯಂತೆ ರುಚಿಯೂ ಇಲ್ಲ. ಮಳೆಗಾಲದ ತೇವದಲ್ಲಿ, ನೆಲಕ್ಕೆ ಹಲಗೆ ಹಾಸದ ಗೋದಾಮಿನಲ್ಲಿ, ಗೋಡೆಗೆ ಒತ್ತಿಟ್ಟ ಚೀಲದ ಕೆಳಮೂಲೆಯಿಂದ ಅದು ಬೆಳೆಯುತ್ತದೆ. ಆ ಚೀಲದ ಹಿಂಡಿ ಸಂಜೆ ನೆನೆದು ಎಮ್ಮೆಯ ಬಾಯಿಗೆ ಹೋದರೆ, ಯಾವ ಡೇರಿಯ ಪ್ರಯೋಗಾಲಯವನ್ನೂ ಹಾಯದೆ, ಮರುದಿನದ ಹಾಲಿನ ಕ್ಯಾನಿನಲ್ಲಿ ಬೆಳಗಿನ ಐದು ಗಂಟೆಗೆ ನಮ್ಮ ಬೀದಿಗಳಿಗೆ ಬರುತ್ತದೆ.